ಕಾಗದಕ್ಕೆ ಒಂಬತ್ತು, ಒಲೆಗೆ ಎರಡು: ಪುಣೆಯ ಒಂದು ರಿಲೊಕೇಶನ್ ಸೇವೆಯ ವಿಮರ್ಶೆ

ಪರದೇಶದಿಂದ ಕೆಲಸಕ್ಕೆಂದು ಬರುವವರಿಗೆ ಮನೆ ಹುಡುಕಿಕೊಟ್ಟು, ಕಾಗದಪತ್ರ ಮಾಡಿಸಿ, ಊರಿನ ಪರಿಚಯ ಮಾಡಿಸಿ, ಒಂದು ತಿಂಗಳೊಳಗೆ ‘ನೆಲೆಗೊಳಿಸಿ’ ಕೊಡುತ್ತೇವೆ ಎನ್ನುವ ಸಂಸ್ಥೆಗಳು ಪುಣೆಯಲ್ಲಿ ಹಲವಿವೆ. ಚಾಕಣದ ಕಾರ್ಖಾನೆಗಳಿಗೂ ಹಿಂಜವಡಿಯ ಕಚೇರಿಗಳಿಗೂ ಜರ್ಮನಿ, ಜಪಾನ್, ಕೊರಿಯಾಗಳಿಂದ ಎಂಜಿನಿಯರುಗಳು ಬರುತ್ತಲೇ ಇರುವುದರಿಂದ ಈ ವ್ಯವಹಾರಕ್ಕೆ ಬರಗಾಲವೆಂಬುದಿಲ್ಲ. 2024ರ ಜೂನ್ ತಿಂಗಳಲ್ಲಿ ನಮ್ಮ ವಿಭಾಗಕ್ಕೆ ಜಪಾನಿನ ಹಿರೋಶಿಮಾ ಪ್ರಾಂತ್ಯದಿಂದ ಎರಡು ವರ್ಷಗಳ ಅವಧಿಗೆ ಒಬ್ಬ ಸಹೋದ್ಯೋಗಿ ಬಂದರು. ಅವರಿಗಾಗಿ ಕಂಪನಿಯು ಇಂಥ ಒಂದು ಸಂಸ್ಥೆಯ ಪೂರ್ಣ ಪ್ಯಾಕೇಜನ್ನು, ಸುಮಾರು ಎರಡು ತಿಂಗಳ ಮನೆಬಾಡಿಗೆಯಷ್ಟು ಹಣ ತೆತ್ತು, ಕೊಂಡುಕೊಂಡಿತ್ತು. ಧಾರವಾಡ ಬಿಟ್ಟು ಹದಿನಾರು ವರ್ಷಗಳಿಂದ ವಾಕಡ್‌ನಲ್ಲಿ ನೆಲೆಸಿರುವ ನನ್ನ ಪಾಲಿಗೆ ಬಂದದ್ದು, ಅವರಿಗೆ ಸಿಕ್ಕ ಮನೆ ನಮ್ಮದೇ ಹೌಸಿಂಗ್ ಸೊಸೈಟಿಯಲ್ಲಿ ಇದ್ದ ಕಾರಣ, ‘ಸ್ವಲ್ಪ ನೋಡಿಕೊಳ್ಳಿ’ ಎಂಬ ಒಂದು ಮಾತಿನ ಜವಾಬ್ದಾರಿ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೇರೆ ವಿಭಾಗಗಳ ಗೆಳೆಯರು ಬೇರೆ ಸಂಸ್ಥೆಗಳಿಂದ ಪಡೆದ ಸೇವೆಯ ಕಥೆಯೂ ಹೆಚ್ಚುಕಡಿಮೆ ಇದೇ ಆಗಿರುವುದರಿಂದ, ಇದನ್ನು ಒಂದು ಅಂಗಡಿಯ ವಿಮರ್ಶೆಯೆನ್ನದೆ ಒಂದು ಬಗೆಯ ಸರಕಿನ ವಿಮರ್ಶೆಯೆಂದು ಓದಿಕೊಳ್ಳಬಹುದು.

ಮೊದಲು ಮೆಚ್ಚುಗೆಯನ್ನು ಹೇಳಿಬಿಡುತ್ತೇನೆ, ಏಕೆಂದರೆ ಅದು ಮನಃಪೂರ್ವಕವಾದದ್ದು. 180 ದಿನಗಳಿಗಿಂತ ಹೆಚ್ಚಿನ ಅವಧಿಯ ಉದ್ಯೋಗ ವೀಸಾದ ಮೇಲೆ ಬಂದವರು ಭಾರತಕ್ಕೆ ಕಾಲಿಟ್ಟ 14 ದಿನಗಳೊಳಗೆ ವಿದೇಶೀಯರ ನೋಂದಣಿ ಮಾಡಿಸಿಕೊಳ್ಳಬೇಕು. 2018ರಿಂದ ಈ ಕೆಲಸ ಇ-ಎಫ್‌ಆರ್‌ಆರ್‌ಒ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದಾದರೂ, ಅಲ್ಲಿ ಏರಿಸಬೇಕಾದ ಕಾಗದಗಳ ಸರಪಳಿ ಮಾತ್ರ ಹಳೆಯ ಕಾಲದ್ದೇ: ಮನೆಯ ಕರಾರಿಲ್ಲದೆ ವಿಳಾಸವಿಲ್ಲ, ವಿಳಾಸವಿಲ್ಲದೆ ನೋಂದಣಿಯಿಲ್ಲ, ನೋಂದಣಿಯಾಗದೆ ಬ್ಯಾಂಕಿನವರು ನೆಟ್ಟಗೆ ಮಾತಾಡುವುದಿಲ್ಲ, ಬ್ಯಾಂಕ್ ಖಾತೆಯಿಲ್ಲದೆ ಯುಪಿಐ ಸುಲಭವಿಲ್ಲ, ಯುಪಿಐ ಇಲ್ಲದವರಿಗೆ ಈಗಿನ ಪುಣೆಯಲ್ಲಿ ಎಳನೀರು ಮಾರುವವನೂ ಚಿಲ್ಲರೆ ಕೇಳುತ್ತಾನೆ. ಈ ಸರಪಳಿಯ ಯಾವ ಕೊಂಡಿಯನ್ನು ಮೊದಲು ಬಿಚ್ಚಬೇಕೆಂಬುದು ಸಂಸ್ಥೆಯ ಹುಡುಗನಿಗೆ ಕರತಲಾಮಲಕವಾಗಿತ್ತು. ಮನೆಯ ಮಾಲೀಕರು ನಿವೃತ್ತ ಶಿಕ್ಷಕರು, ಸೊಲ್ಲಾಪುರದ ಕಡೆಯವರು. ವಿದೇಶೀಯರು ಮನೆಗೆ ಬಂದ 24 ಗಂಟೆಯೊಳಗೆ ಅವರ ವಾಸವನ್ನು ಸರ್ಕಾರಕ್ಕೆ ತಿಳಿಸುವ ‘ಸಿ ಫಾರ್ಮ್’ ಅನ್ನು ಮನೆಯವರೇ ತುಂಬಬೇಕೆಂದು ಕೇಳಿದ ಕೂಡಲೇ ಅವರು ಮನೆ ಕೊಡುವ ವಿಚಾರವನ್ನೇ ಕೈಬಿಡುವವರಿದ್ದರು. ಆ ಹುಡುಗ ಅವರ ಪಕ್ಕದಲ್ಲಿ ಒಂದು ಇಡೀ ಮಧ್ಯಾಹ್ನ ಕುಳಿತು, ಅವರ ಹೆಸರಿನಲ್ಲಿ ಖಾತೆ ತೆರೆದು, ಫಾರ್ಮ್ ತುಂಬಿಸಿ, ಚಹಾ ಕುಡಿದು, ಭಯ ಬಿಡಿಸಿ ಎದ್ದ. ಈ ಒಂದು ಮಧ್ಯಾಹ್ನಕ್ಕೇ ಪ್ಯಾಕೇಜಿನ ಅರ್ಧ ಹಣ ಸಂದಿತೆಂದು ನಾನು ಲೆಕ್ಕ ಹಾಕಿದ್ದೇನೆ. (1946ರ ವಿದೇಶೀಯರ ಕಾಯ್ದೆಯ ಜಾಗದಲ್ಲಿ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶೀಯರ ಕಾಯ್ದೆ ಜಾರಿಗೆ ಬಂದಿರುವುದರಿಂದ, ಈಗ ಬರುವವರು ಫಾರ್ಮುಗಳ ಹೆಸರನ್ನು ಹೊಸದಾಗಿಯೇ ನೋಡಿಕೊಳ್ಳಬೇಕು.)

ನಮ್ಮ ಸಹೋದ್ಯೋಗಿಗೆ ಇದಾವುದೂ ವಿಚಿತ್ರವೆನಿಸಲಿಲ್ಲ. ಜಪಾನಿನಲ್ಲಿಯೂ ದೀರ್ಘಕಾಲ ಇರಲು ಬಂದ ಪರದೇಶದವರು ಮನೆ ಸಿಕ್ಕ 14 ದಿನಗಳೊಳಗೆ ಊರಿನ ಆಡಳಿತ ಕಚೇರಿಗೆ ಹೋಗಿ ವಿಳಾಸ ಬರೆಸಬೇಕಂತೆ. ‘ಅದೇ ಹದಿನಾಲ್ಕು’ ಎಂದು ಆಕೆ ಸಮಾಧಾನದಿಂದ ತಲೆಯಾಡಿಸಿದಾಗ, ಕಷ್ಟವೆಂದು ಹೇಳಿಕೊಳ್ಳಲು ಸಿದ್ಧಳಾಗಿ ಬಂದಿದ್ದ ನನಗೇ ಸ್ವಲ್ಪ ನಿರಾಸೆಯಾಯಿತು.

ಬಾಡಿಗೆ ಕರಾರಿನ ವಿಷಯದಲ್ಲಿ ಕರ್ನಾಟಕದಿಂದ ಬಂದ ನಮ್ಮವರಿಗೂ ತಿಳಿದಿರಬೇಕಾದ ಒಂದು ಸಂಗತಿಯಿದೆ. ನಮ್ಮಲ್ಲಿ ಹನ್ನೊಂದು ತಿಂಗಳ ಕರಾರೆಂದರೆ ನೋಂದಣಿಯ ಗೋಜಿಲ್ಲದ ಕರಾರು ಎಂದೇ ರೂಢಿ. ಮಹಾರಾಷ್ಟ್ರದಲ್ಲಿ ಹಾಗಲ್ಲ. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮಿನ ಪ್ರಕಾರ ‘ಲೀವ್ ಅಂಡ್ ಲೈಸೆನ್ಸ್’ ಎಂಬ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದಾಗಲಿ ಐದು ವರ್ಷದ್ದಾಗಲಿ ನೋಂದಣಿಯಾಗಲೇಬೇಕು, ಅದರ ಹೊಣೆ ಮಾಲೀಕರ ಮೇಲಿರುತ್ತದೆ. ಆಧಾರ್ ಇದ್ದವರಿಗೆ ಮನೆಗೇ ಬೆರಳಚ್ಚಿನ ಯಂತ್ರ ತಂದು ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ, ಇಲ್ಲದವರು ಉಪನೋಂದಣಾಧಿಕಾರಿಯ ಕಚೇರಿಗೇ ಹೋಗಬೇಕು. ಅಲ್ಲಿ ಆಕೆ, ತಮ್ಮ ದೇಶದ ರೂಢಿಯಂತೆ, ಕೈಚೀಲದಿಂದ ಹೆಬ್ಬೆರಳಿನ ಗಾತ್ರದ ಹೆಸರಿನ ಮೊಹರನ್ನು ತೆಗೆದು ಕೆಂಪು ಶಾಯಿಯ ಡಬ್ಬಿಯ ಸಮೇತ ಮೇಜಿನ ಮೇಲಿಟ್ಟರು. ಗುಮಾಸ್ತರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಪಕ್ಕದ ಮೇಜಿನವರಿಗೂ ತೋರಿಸಿ, ಚೆನ್ನಾಗಿದೆಯೆಂದು ಹೊಗಳಿ, ಬಳಿಕ ಅವರ ನಿಜವಾದ ಹೆಬ್ಬೆರಳನ್ನೇ ಯಂತ್ರದ ಮೇಲೆ ಒತ್ತಿಸಿಕೊಂಡರು. ಸಂಸ್ಥೆಯ ಹುಡುಗ ಇಲ್ಲದಿದ್ದರೆ ನಾವು ಆ ದಿನ ಯಾವ ಸಾಲಿನಲ್ಲಿ ನಿಲ್ಲಬೇಕೆಂಬುದನ್ನು ತಿಳಿಯುವಷ್ಟರಲ್ಲೇ ಸಂಜೆಯಾಗುತ್ತಿತ್ತು.

ಕಾಗದದ ಕೆಲಸಕ್ಕೆ ಹತ್ತರಲ್ಲಿ ಒಂದು ಅಂಕ ಕಳೆದದ್ದಕ್ಕೆ ಕಾರಣವನ್ನೂ ಹೇಳಬೇಕು. ವಾಕಡ್ ಎಂಬುದು ಜನರ ಬಾಯಲ್ಲಿ ಪುಣೆಯೇ ಆದರೂ, 2018ರ ಆಗಸ್ಟ್‌ನಿಂದ ಪಿಂಪ್ರಿ-ಚಿಂಚವಡ ಪೊಲೀಸ್ ಆಯುಕ್ತಾಲಯದ ವ್ಯಾಪ್ತಿಗೆ ಸೇರಿದೆ. ನಮ್ಮ ಹುಡುಗ ಬಾಡಿಗೆದಾರರ ಮಾಹಿತಿಯನ್ನು ಅಭ್ಯಾಸಬಲದಿಂದ ಪುಣೆ ನಗರ ಪೊಲೀಸರಿಗೆ ಸಲ್ಲಿಸಿ, ರಸೀದಿಯನ್ನೂ ಕಡತದಲ್ಲಿ ಅಂದವಾಗಿ ಜೋಡಿಸಿಟ್ಟಿದ್ದ. ಸೊಸೈಟಿಯ ಕಾರ್ಯದರ್ಶಿಗಳು ಆ ರಸೀದಿಯನ್ನು ಕನ್ನಡಕದ ಮೇಲಿನಿಂದ ನೋಡಿ ‘ಇದು ನದಿಯ ಆಚೆಯವರದ್ದು’ ಎಂದು ಹಿಂದಿರುಗಿಸಿದಾಗ ನೋಂದಣಿಯ ಗಡುವಿಗೆ ಮೂರೇ ದಿನ ಉಳಿದಿದ್ದವು. ತಪ್ಪನ್ನು ಅದೇ ರಾತ್ರಿ ಸರಿಪಡಿಸಿದರೆಂಬುದು ನಿಜ. ಆದರೆ ಇದೇ ಊರಿನಲ್ಲಿ ಇದೇ ಉದ್ಯೋಗ ಮಾಡುವವರು ಎಡವಬಾರದ ಕಲ್ಲು ಅದು.

ಇನ್ನು ಒಲೆಯ ವಿಚಾರ. ಮನೆ ಒಪ್ಪಿಸುವ ದಿನ ಸಂಸ್ಥೆಯವರ ಕೈಯಲ್ಲಿ ನಾಲ್ಕು ಪುಟಗಳ ಒಂದು ಪಟ್ಟಿಯಿತ್ತು. ನಲ್ಲಿ, ದೀಪ, ಫ್ಯಾನ್, ಗೀಸರ್, ಬೀಗ, ಕಿಟಕಿಯ ಬಲೆ ಎಲ್ಲದರ ಮುಂದೆ ಗುರುತು ಬೀಳುತ್ತ ಹೋಗಿ ‘ಅಡುಗೆ ಅನಿಲ: ಇದೆ’ ಎಂಬಲ್ಲಿಯೂ ಒಂದು ಗುರುತು ಬಿತ್ತು. ಅಡುಗೆಮನೆಯ ಗೋಡೆಯ ಮೇಲೆ ಹಳದಿ ಬಣ್ಣದ ಕೊಳವೆ ಇದ್ದದ್ದೇನೋ ದಿಟ. ಕೊಳವೆ ಇತ್ತು, ಅನಿಲ ಇರಲಿಲ್ಲ. ಹಿಂದಿನ ಬಾಡಿಗೆದಾರರು ಹೋಗುವಾಗ ಸಂಪರ್ಕ ಕಡಿಸಿದ್ದರು, ಮರುಸಂಪರ್ಕಕ್ಕೆ ಮಾಲೀಕರ ಅರ್ಜಿ ಬೇಕಿತ್ತು, ಅರ್ಜಿ ಹಾಕಿದ ಮೇಲೆ ಮೂರು ವಾರ ಕಾಯಬೇಕಾಯಿತು. ಜಪಾನಿನಲ್ಲಿ ಹೊಸ ಮನೆಗೆ ಹೋಗುವ ದಿನ ಅನಿಲ ಕಂಪನಿಯವನೊಬ್ಬ ಹೇಳಿದ ಹೊತ್ತಿಗೆ ಬಂದು, ಒಲೆ ಹಚ್ಚಿ ತೋರಿಸಿ, ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಆಕೆ ಪಟ್ಟಿಯ ಮೇಲಿನ ಗುರುತನ್ನು ಅದೇ ಅರ್ಥದಲ್ಲಿ ನಂಬಿದ್ದರು. ಸಂಸ್ಥೆಗೆ ಫೋನ್ ಮಾಡಿದಾಗ ಅವರು ಒಂದು ಇಂಡಕ್ಷನ್ ಒಲೆಯನ್ನು ಕಳುಹಿಸಿದರು. ಮನೆಯಲ್ಲಿ ಮಾಲೀಕರು ಬಿಟ್ಟುಹೋಗಿದ್ದ ಪಾತ್ರೆಗಳೆಲ್ಲ ಅಲ್ಯೂಮಿನಿಯಮ್ಮಿನವಾಗಿದ್ದರಿಂದ ಆ ಒಲೆ ಅವುಗಳನ್ನು ಗುರುತಿಸಲೇ ಇಲ್ಲ, ಕುಂಯ್‌ಗುಟ್ಟಿ ಸುಮ್ಮನಾಯಿತು. ಎಂಟು ದಿನ ಆಕೆ ವಿದ್ಯುತ್ ಕೆಟಲಿನಲ್ಲಿ ನೀರು ಕಾಯಿಸಿ ಪೊಟ್ಟಣದ ನೂಡಲ್ಸ್ ತಿಂದದ್ದು ನನಗೆ ತಿಳಿದದ್ದು ಒಂಬತ್ತನೆಯ ದಿನ. ದೂರುವುದು ಅವರ ಸ್ವಭಾವದಲ್ಲಿಲ್ಲ, ಕೇಳುವುದು ನನಗೆ ತೋಚಲಿಲ್ಲ.

ಪರಿಹಾರ ಅರ್ಧ ಕಿಲೋಮೀಟರು ದೂರದ ಪೆಟ್ರೋಲ್ ಪಂಪಿನಲ್ಲಿತ್ತು. ಐದು ಕಿಲೋ ತೂಕದ ಸಣ್ಣ ಸಿಲಿಂಡರನ್ನು, ಅದಕ್ಕೆ ‘ಛೋಟು’ ಎಂದೇ ಹೆಸರು, ವಿಳಾಸದ ಪುರಾವೆ ಕೇಳದೆ ಗುರುತಿನ ಚೀಟಿಯೊಂದನ್ನೇ ನೋಡಿ ಕೊಡುತ್ತಾರೆ, ಪಾಸ್‌ಪೋರ್ಟ್ ಸಾಕಾಯಿತು. ಸಾಮಾನ್ಯವಾಗಿ ಮನೆಗೆ ಬರುವ 14.2 ಕಿಲೋ ಸಿಲಿಂಡರಿಗಿಂತ ಕಿಲೋ ಲೆಕ್ಕದಲ್ಲಿ ದುಬಾರಿಯಾದರೂ, ಹೊಸಬರಿಗೆ, ಕೋಣೆ ಹಿಡಿದ ವಿದ್ಯಾರ್ಥಿಗಳಿಗೆ, ಊರೂರು ತಿರುಗುವ ಕಟ್ಟಡ ಕಾರ್ಮಿಕರಿಗೆ ಹೇಳಿ ಮಾಡಿಸಿದ ವಸ್ತು. ನನಗೆ ಅದರ ಸುಳಿವು ಕೊಟ್ಟವನು ನಮ್ಮ ಗೇಟಿನ ಕಾವಲುಗಾರ, ಇಂಡಿ ತಾಲ್ಲೂಕಿನವನು. ದೊಡ್ಡ ಶುಲ್ಕ ಪಡೆಯುವ ಸಂಸ್ಥೆಯೊಂದರ ನಾಲ್ಕು ಪುಟಗಳಲ್ಲಿ ಇಲ್ಲದ ಈ ಒಂದು ಸಾಲಿಗಾಗಿ ನಾನು ಒಲೆಯ ಅಂಕಗಳಲ್ಲಿ ಐದನ್ನು ಕಳೆದಿದ್ದೇನೆ.

ಉಳಿದ ಮೂರು ಹೋದದ್ದು ಅಕ್ಕಿಯಲ್ಲಿ. ಸಂಸ್ಥೆಯ ಕೈಪಿಡಿಯಲ್ಲಿ ‘ನಿಮ್ಮ ದೇಶದ ಆಹಾರ’ ಎಂಬ ಪುಟವಿದೆ. ಅದರಲ್ಲಿ ಆಮದು ಸಾಮಾನುಗಳ ಒಂದೆರಡು ದೊಡ್ಡ ಮಳಿಗೆಗಳ ವಿಳಾಸ ಕೊಟ್ಟು ಕೈ ತೊಳೆದುಕೊಂಡಿದ್ದಾರೆ. ಅಲ್ಲಿ ಸಿಗುವ ಜಪಾನಿ ಅಕ್ಕಿಯ ಬೆಲೆ ಕೇಳಿದರೆ ಉಪವಾಸವೇ ವಾಸಿಯೆನಿಸುತ್ತದೆ. ಜಪಾನಿನವರಿಗೆ ಬೇಕಾದದ್ದು ಬೆಂದ ಮೇಲೆ ಒಂದಕ್ಕೊಂದು ಅಂಟಿಕೊಳ್ಳುವ ಅನ್ನ, ಬಾಸುಮತಿಯಂತೆ ಉದುರುದುರಾದದ್ದು ಅವರ ಕಡ್ಡಿಗೆ ನಿಲ್ಲುವುದಿಲ್ಲ. ಇದೇ ಪುಣೆ ಜಿಲ್ಲೆಯ ಮಾವಳ ಸೀಮೆಯಲ್ಲಿ ಇಂದ್ರಾಯಣಿ ಎಂಬ ಅಕ್ಕಿ ಬೆಳೆಯುತ್ತದೆ. ವಡಗಾಂವ್ ಮಾವಳದ ಸಂಶೋಧನಾ ಕೇಂದ್ರದಲ್ಲಿ ಹಳೆಯ ಆಂಬೆಮೋಹರ್ ತಳಿಯನ್ನೂ ಐಆರ್-8 ತಳಿಯನ್ನೂ ಕೂಡಿಸಿ ಮಾಡಿದ ಈ ಅಕ್ಕಿಗೆ ಕಂಪೂ ಇದೆ, ಅಂಟೂ ಇದೆ. ಬೆಳಗಾವಿ, ಧಾರವಾಡದ ಕಡೆಯ ನಮಗೆ ಅದು ‘ಮುದ್ದೆಯಾಗುವ ಅಕ್ಕಿ’ ಎಂಬ ದೂರಿಗೆ ಗುರಿಯಾದದ್ದು. ನನ್ನ ಅತ್ತೆಯವರು ಹದಿನಾರು ವರ್ಷಗಳಿಂದ ಆ ಚೀಲವನ್ನು ಮನೆಯೊಳಗೆ ಬಿಟ್ಟುಕೊಂಡಿಲ್ಲ. ನಮ್ಮ ಸಹೋದ್ಯೋಗಿ ಅದರ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ ಕುಳಿತದ್ದನ್ನು ನೋಡಿದ ಮೇಲೆ ಅತ್ತೆಯವರು ಕೂಡ ‘ಪಾಪ, ಒಬ್ಬೊಬ್ಬರ ಋಣ ಒಂದೊಂದು ಅಕ್ಕಿಯ ಮೇಲೆ’ ಎಂದು ರಾಜಿಯಾದರು. ಮೂಲೆಯ ಕಿರಾಣಿ ಅಂಗಡಿಯಲ್ಲಿ ಸಿಗುವ ಈ ಅಕ್ಕಿಯ ಹೆಸರು, ಜಪಾನಿನವರೊಡನೆ ವರ್ಷಗಟ್ಟಲೆ ವ್ಯವಹರಿಸುತ್ತ ಬಂದಿರುವ ಸಂಸ್ಥೆಗೆ ಗೊತ್ತಿರಲಿಲ್ಲವೆಂದರೆ, ಅವರ ಪೈಕಿ ಯಾರೂ ತಮ್ಮ ಗ್ರಾಹಕರನ್ನು ‘ಊಟವಾಯಿತೇ’ ಎಂದು ಕೇಳಿಲ್ಲವೆಂದೇ ಅರ್ಥ.

ಭಾಷಾ ತರಗತಿಯೂ ಪ್ಯಾಕೇಜಿನೊಳಗೇ ಇತ್ತು: ಇಂಗ್ಲಿಷಿನ ಮೂಲಕ ಹಿಂದಿ, ಹತ್ತು ಪಾಠ. ಕರ್ತೃ, ಆಮೇಲೆ ಕ್ರಿಯಾಪದ, ಆಮೇಲೆ ಕರ್ಮ ಎಂಬ ಇಂಗ್ಲಿಷ್ ವಾಕ್ಯವನ್ನು ಮೊದಲು ಕಟ್ಟಿ, ಬಳಿಕ ಅದನ್ನು ಹಿಂದುಮುಂದಾಗಿ ತಿರುಗಿಸುವ ಕಸರತ್ತನ್ನು ಆಕೆಯಿಂದ ಮಾಡಿಸುತ್ತಿದ್ದರು. ಜಪಾನಿ ಭಾಷೆಯಲ್ಲಿ ಕ್ರಿಯಾಪದ ಕೊನೆಗೇ ಬರುತ್ತದೆ, ನಮ್ಮ ಕನ್ನಡದಂತೆ, ಹಿಂದಿಯಂತೆ, ಮರಾಠಿಯಂತೆ. ‘ನನಗೆ ನೀರು ಬೇಕು’ ಎಂಬುದನ್ನು ಅವರು ಅದೇ ಕ್ರಮದಲ್ಲಿ ‘ವತಾಶಿ ವಾ ಮಿಝು ಗ ಹೊಶೀ’ ಎನ್ನುತ್ತಾರೆ. ನಡುವೆ ಇಂಗ್ಲಿಷನ್ನು ತಂದು ನಿಲ್ಲಿಸಿದ್ದು ಪಕ್ಕದ ಮನೆಗೆ ಹೋಗಲು ಊರೆಲ್ಲ ಸುತ್ತಿಸಿದಂತೆ. ಇದನ್ನು ಕಂಡುಹಿಡಿದವರು ಭಾಷಾತಜ್ಞರೇನಲ್ಲ, ಅಡುಗೆಗೆ ಬರುವ ಅಕ್ಕಲಕೋಟೆಯ ಹೆಂಗಸು, ಇಲ್ಲಿನವರ ಮಾತಿನಲ್ಲಿ ‘ಬಾಯಿ’. ಅಕ್ಕಲಕೋಟೆ ಮಹಾರಾಷ್ಟ್ರದ್ದೇ ಆದರೂ ಅಲ್ಲಿ ಬಹಳ ಜನರ ಮನೆಮಾತು ಕನ್ನಡ. ಆ ಬಾಯಿ ನನ್ನೊಡನೆ ಮಾತಾಡುವುದನ್ನು ಕೇಳಿಸಿಕೊಂಡ ಆಕೆ, ಹಿಂದಿಗಿಂತ ಮೊದಲು ಹತ್ತಿಪ್ಪತ್ತು ಕನ್ನಡ ಪದಗಳನ್ನು ಹಿಡಿದುಬಿಟ್ಟರು. ಮೊದಲ ಪದ ‘ಸಾಕು’. ಅವರ ಭಾಷೆಯಲ್ಲಿ ‘ಸಕು’ ಎಂದರೆ ಹೂವು ಅರಳುವುದಂತೆ, ಆದ್ದರಿಂದ ಮರೆಯುವ ಪ್ರಶ್ನೆಯೇ ಇರಲಿಲ್ಲ. ಮುಂದೆ ಅವರು ಭೂಮಕರ್ ಚೌಕದ ಟ್ರಾಫಿಕ್ಕಿನ ನಡುವೆ ರಿಕ್ಷಾ ನಿಲ್ಲಿಸಲು, ಪಾನಿಪುರಿಯವನನ್ನು ತಡೆಯಲು, ಕಚೇರಿಯ ಮೀಟಿಂಗ್ ಮುಗಿಸಲು ಕೂಡ ‘ಸಾಕು’ ಎನ್ನತೊಡಗಿದರು. ಮರಾಠಿಯ ರಿಕ್ಷಾದವರು ಅದನ್ನು ಜಪಾನಿ ಪದವೆಂದೇ ತಿಳಿದು ಗೌರವದಿಂದ ನಿಲ್ಲಿಸುತ್ತಿದ್ದರು.

ಊರಿನ ಪರಿಚಯಕ್ಕೆಂದು ಅರ್ಧ ದಿನದ ಸುತ್ತಾಟವಿತ್ತು: ಶನಿವಾರವಾಡೆ, ಆಗಾ ಖಾನ್ ಅರಮನೆ, ಒಂದು ಮಾಲ್, ಕೊನೆಗೆ ಸಿಂಹಗಡ ರಸ್ತೆಯ ಪು. ಲ. ದೇಶಪಾಂಡೆ ಉದ್ಯಾನ. ಪುಣೆ-ಒಕಾಯಾಮಾ ಸ್ನೇಹೋದ್ಯಾನವೆಂದು ಕರೆಯುವ ಈ ತೋಟವನ್ನು ಒಕಾಯಾಮಾದ ಕೊರಾಕುಎನ್ ಉದ್ಯಾನದ ಮಾದರಿಯಲ್ಲಿ ಕಟ್ಟಲಾಗಿದೆ. ಒಕಾಯಾಮಾ ಎಂದರೆ ಹಿರೋಶಿಮಾದ ನೆರೆಯ ಪ್ರಾಂತ್ಯ. ಧಾರವಾಡದಿಂದ ಹೊರದೇಶಕ್ಕೆ ಹೋದವರನ್ನು ಮೊದಲ ದಿನವೇ ಹುಬ್ಬಳ್ಳಿಯ ಪ್ರತಿಕೃತಿಗೆ ಕರೆದೊಯ್ದಂತೆ. ಆಕೆ ಬಹಳ ಸೌಜನ್ಯದಿಂದ ‘ಚೆನ್ನಾಗಿದೆ’ ಎಂದರು. ಟ್ಯಾಂಕರ್ ನೀರು ಯಾವ ಹೊತ್ತಿಗೆ ಬರುತ್ತದೆ, ನಲ್ಲಿಯ ನೀರನ್ನು ನೇರವಾಗಿ ಕುಡಿಯಬಾರದೇಕೆ, ಹಳೆಯ ಪೇಟೆಯ ಅಂಗಡಿಗಳು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುವ ವಾಡಿಕೆ ಏನು, ಜೂನ್ ಕೊನೆಗೆ ಪಂಢರಪುರಕ್ಕೆ ನಡೆಯುವ ಪಾಲಖಿ ಬಂದಾಗ ಯಾವ ರಸ್ತೆಗಳು ಮುಚ್ಚುತ್ತವೆ, ಇವಾವುದೂ ಆ ಅರ್ಧ ದಿನದಲ್ಲಿ ಸೇರಿರಲಿಲ್ಲ. ಪಾಲಖಿಯ ದಿನ ಅವರು ಮೂರು ತಾಸು ರಸ್ತೆಯ ಬದಿಯಲ್ಲೇ ನಿಂತರು. ಆದರೆ ಅದನ್ನು ನಷ್ಟವೆಂದು ಅವರು ಇಂದಿಗೂ ಒಪ್ಪುವುದಿಲ್ಲ.

ನೆರೆಹೊರೆಯ ವಿಷಯದಲ್ಲಿ ಸಂಸ್ಥೆಯ ಸಲಹೆ ಒಂದೇ ಸಾಲಿನದು: ‘ಭಾರತೀಯರು ಸ್ನೇಹಪರರು.’ ಜಪಾನಿನಲ್ಲಿ ಹೊಸ ಮನೆಗೆ ಹೋದವರು ಎಡಬಲದ, ಮೇಲಿನ ಕೆಳಗಿನ ಮನೆಗಳಿಗೆ ಹೋಗಿ, ತಲೆಬಾಗಿ, ಒಂದು ಸಣ್ಣ ಉಡುಗೊರೆ ಕೊಟ್ಟು ಪರಿಚಯ ಮಾಡಿಕೊಳ್ಳುವ ಪದ್ಧತಿಯಿದೆ, ಹೆಚ್ಚಾಗಿ ಕೊಡುವುದು ಕೈವಸ್ತ್ರದಂಥ ಟವೆಲು. ಆಕೆ ಮೊದಲ ಭಾನುವಾರವೇ ಕಾಗದದಲ್ಲಿ ಸುತ್ತಿದ ಟವೆಲುಗಳನ್ನು ಹಿಡಿದು ಹೊರಟರು. ಬಲಗಡೆಯ ಮನೆಯವರು ‘ನಮಗೇನೂ ಬೇಡ’ ಎಂದು ಬಾಗಿಲು ಮುಚ್ಚಿದರು, ಟವೆಲು ಮಾರಲು ಬಂದವರೆಂದು ತಿಳಿದು. ಕೆಳಮನೆಯ ಅಜ್ಜಿ ಬೆಲೆ ಕೇಳಿ, ಹೆಚ್ಚಾಯಿತೆಂದು ಚೌಕಾಶಿಗೂ ತೊಡಗಿದರಂತೆ. ವಿಷಯ ತಿಳಿದ ಮೇಲೆ ಇಡೀ ಮಹಡಿಗೆ ನಾಚಿಕೆಯಾಗಿ, ಅದೇ ಸಂಜೆ ಬಲಗಡೆಯ ಮನೆಯಿಂದ ಸಾಬೂದಾಣಿ ಖಿಚಡಿಯ ಸ್ಟೀಲ್ ಡಬ್ಬಿ ಬಂತು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ರೂಢಿ, ಪಡೆದ ಉಡುಗೊರೆಗೆ ಪ್ರತಿಯಾಗಿ ಏನನ್ನಾದರೂ ಕೊಡಲೇಬೇಕೆಂಬುದು ಅವರ ರೂಢಿ. ಎರಡು ರೂಢಿಗಳೂ ಒಂದೇ ಡಬ್ಬಿಯೊಳಗೆ ಸಿಕ್ಕಿಬಿದ್ದದ್ದರಿಂದ ಅದು ತಿಂಗಳುಗಟ್ಟಲೆ ಮನೆಯಿಂದ ಮನೆಗೆ ತಿರುಗಿತು. ಹೋಗುವಾಗ ಇಂದ್ರಾಯಣಿ ಅಕ್ಕಿಯ ಉಂಡೆ, ಅದರ ನಡುವೆ ಅವರೂರಿನ ಹುಳಿ ಪ್ಲಮ್ಮಿಗೆ ಬದಲು ಮಾವಿನ ಉಪ್ಪಿನಕಾಯಿ. ಬರುವಾಗ ಥಾಲಿಪೀಠ, ಒಮ್ಮೆ ನಮ್ಮ ಮನೆಯ ಕಡುಬು.

ಕಸದ ವಿಷಯವನ್ನು ಬಿಟ್ಟರೆ ಲೋಪವಾದೀತು. ಹಸಿ ಒಣ ಎಂದು ಎರಡಾಗಿ ವಿಂಗಡಿಸಲು ಸೊಸೈಟಿಯವರು ನಮಗೆ ವರ್ಷಗಳಿಂದ ಗೋಗರೆಯುತ್ತಿದ್ದಾರೆ. ಇನ್ನೂ ಹೆಚ್ಚಿನ ವಿಂಗಡಣೆಗೆ ಒಗ್ಗಿದ ಊರಿನಿಂದ ಬಂದ ಆಕೆ ಹಾಲಿನ ಪೊಟ್ಟಣಗಳನ್ನು ತೊಳೆದು, ಒಣಗಿಸಿ, ಹತ್ತು ಹತ್ತರ ಕಟ್ಟು ಮಾಡಿ ಇಡುತ್ತಿದ್ದರು. ಕಸ ಒಯ್ಯಲು ಬರುವ ಮಾವಶಿ ಅವನ್ನು ಮಾರಿ ಬಂದ ಹಣದಲ್ಲಿ ಒಮ್ಮೆ ಆಕೆಗೆ ಅಬ್ಬಲಿಗೆಯ ದಂಡೆ ತಂದುಕೊಟ್ಟರು. ಈ ಅಧ್ಯಾಯದಲ್ಲಿ ಸಂಸ್ಥೆಯ ಪಾತ್ರ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಇಲ್ಲವೇ ಇಲ್ಲ.

ಮೂವತ್ತನೆಯ ದಿನ ಸಂಸ್ಥೆಯಿಂದ ‘ನೆಲೆಗೊಳಿಸುವಿಕೆ ಪೂರ್ಣ’ ಎಂಬ ಪ್ರಮಾಣಪತ್ರದಂಥ ಪತ್ರ ಬಂತು, ಅದರ ಬೆನ್ನಿಗೇ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರೆಂಬ ಫೋನ್ ಕರೆಯೂ ಬಂತು. ಹಳದಿ ಕೊಳವೆಯಲ್ಲಿ ಆಗಿನ್ನೂ ಅನಿಲ ಹರಿದಿರಲಿಲ್ಲ. ಆಕೆ ಏಳು ಎಂದರು, ಅವರ ಲೆಕ್ಕದಲ್ಲಿ ಅದು ಬಹಳ ಕಠಿಣವಾದ ಮಾತಂತೆ. ಫೋನ್ ಮಾಡಿದವರು ಸಂತೋಷದಿಂದ ಧನ್ಯವಾದ ಹೇಳಿದರು.

ಈ ಸೇವೆಯನ್ನು ಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಹೀಗಿದೆ. ಕಾಗದದ ಭಾಗವನ್ನು ಕಣ್ಣು ಮುಚ್ಚಿ ಕೊಳ್ಳಿ, ಆದರೆ ಮನೆ ಯಾವ ಪೊಲೀಸ್ ಆಯುಕ್ತಾಲಯದ ವ್ಯಾಪ್ತಿಯದೆಂಬುದನ್ನು ನೀವೇ ಒಮ್ಮೆ ಕೇಳಿ. ಮನೆ ಒಪ್ಪಿಸಿಕೊಳ್ಳುವಾಗ ಪಟ್ಟಿಯ ಗುರುತುಗಳನ್ನು ನಂಬದೆ ಒಲೆ ಹಚ್ಚಿಸಿ ನೋಡಿ. ಭಾಷೆ, ಸುತ್ತಾಟ, ‘ಸಾಂಸ್ಕೃತಿಕ ಪರಿಚಯ’ ಎಂಬ ಭಾಗಗಳನ್ನು ಬಿಡಿಯಾಗಿ ತೆಗೆದುಹಾಕಲು ಸಂಸ್ಥೆಗಳು ಒಪ್ಪುತ್ತವೆ, ಕೇಳಿದರೆ ಮಾತ್ರ. ಹನ್ನೊಂದು ತಿಂಗಳ ಬಳಿಕ ಕರಾರನ್ನು ಹೊಸದು ಮಾಡುವಾಗ ನಮ್ಮ ಕಂಪನಿ ಕೇಳಿತು. ಶುಲ್ಕ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು, ಬಂದವನೂ ಅದೇ ಹುಡುಗ, ಕೆಲಸ ಒಂದೇ ದಿನದಲ್ಲಿ ಮುಗಿಯಿತು.

ಆಕೆಯ ಜಾಗಕ್ಕೆ ಬರುವ ಹೊಸ ಸಹೋದ್ಯೋಗಿಗೂ ಇಷ್ಟೇ ಕೊಳ್ಳುವುದೆಂದು ತೀರ್ಮಾನವಾಗಿದೆ. ಉಳಿದದ್ದರ ಪಟ್ಟಿಯನ್ನು ಆಕೆ ತಾವೇ ಜಪಾನಿ ಭಾಷೆಯಲ್ಲಿ ಬರೆದಿದ್ದಾರೆ: ಟ್ಯಾಂಕರಿನ ಹೊತ್ತು, ಇಂದ್ರಾಯಣಿ ಸಿಗುವ ಅಂಗಡಿ, ಟವೆಲು ಕೊಡುವ ಮೊದಲು ಹೇಳಬೇಕಾದ ಮಾತು. ಐದು ಕಿಲೋ ಛೋಟುವನ್ನು ತುಂಬಿಸಿ ಬಾಲ್ಕನಿಯಲ್ಲಿ ಇಟ್ಟಿದ್ದಾರೆ.